ಹಿಂದೆ ಬಿದ್ದ ಮಗುವಿಗೆ ಸಲ್ಲತಕ್ಕ ಪಾಲು

ಒಂದು ತರಗತಿಯಲ್ಲಿ ಮೂವತ್ತು ಮಂದಿ ಮಕ್ಕಳು ಕೂತಿರುವರೆಂದು ಎಣಿಸಿಕೊಳ್ಳೋಣ. ಅವರಲ್ಲಿ ಇಪ್ಪತ್ತು ಮಂದಿ ಪಾಠವನ್ನು ತಡವರಿಸದೆ ಓದುವರು. ನಾಲ್ವರು ಅಕ್ಷರ ಕೂಡಿಸಿ ಕೂಡಿಸಿ ಓದುವರು. ಉಳಿದ ಆರು ಮಂದಿ ಪುಸ್ತಕವನ್ನು ಮುಂದೆ ಹಿಡಿದುಕೊಂಡು, ಪಕ್ಕದವನ ಬಾಯಿಂದ ಹೊರಟ ಶಬ್ದವನ್ನು ಅರೆಕ್ಷಣ ತಡವಾಗಿ ತಾವೂ ಹೇಳುವರು. ಗುರುಗಳಿಗೆ ದಿನದಲ್ಲಿ ಒಂದು ತಾಸು ಬಿಡುವಾಗಿ ಸಿಕ್ಕಿತು. ಆ ತಾಸು ಯಾರ ಸೊತ್ತು? ಮೂವತ್ತು ಮಂದಿಗೂ ಎರಡೆರಡು ನಿಮಿಷದಂತೆ ಹಂಚತಕ್ಕದ್ದೋ? ಚೆನ್ನಾಗಿ ಓದುವ ಮಗುವನ್ನು ಇನ್ನೂ ಮೇಲಕ್ಕೆ ಏರಿಸಿ ಶಾಲೆಗೆ ಕೀರ್ತಿ ತರಲು ವೆಚ್ಚ ಮಾಡತಕ್ಕದ್ದೋ? ಅಥವಾ ಆ ಆರು ಮಂದಿಗೇ ಪೂರ್ತಿಯಾಗಿ ಕೊಟ್ಟುಬಿಡತಕ್ಕದ್ದೋ?

ಪ್ರಿಯ ವಾಚಕರೇ, ಈ ಪ್ರಶ್ನೆಯು ಶಿಕ್ಷಣ ಇಲಾಖೆಯವರಿಗೆ ಮಾತ್ರ ಸೇರಿದ್ದೆಂದು ತಿಳಿಯಬಾರದು. ಇದು ನ್ಯಾಯದ ಪ್ರಶ್ನೆಯಾಗಿದೆ; ನಾವು ಮನೆಯಲ್ಲಿ ರೊಟ್ಟಿ ಹಂಚುವಾಗಲೂ ಸಭೆಯಲ್ಲಿ ಕಾಣಿಕೆಯ ಹಣವನ್ನು ವಿನಿಯೋಗಿಸುವಾಗಲೂ ಇದೇ ಪ್ರಶ್ನೆ ಬೇರೆ ವೇಷದಲ್ಲಿ ನಮ್ಮೆದುರು ಬಂದು ನಿಲ್ಲುತ್ತದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಈ ಸೀಮೆಯಲ್ಲಿರುವ ನಮಗಂತೂ ಇದನ್ನು ತಪ್ಪಿಸಿಕೊಂಡು ಹೋಗುವ ದಾರಿಯಿಲ್ಲ. ಹೇಗಂದರೆ, 2025ನೇ ಇಸವಿಯ ಎಸ್.ಎಸ್.ಎಲ್.ಸಿ. ಮೊದಲನೆಯ ಪರೀಕ್ಷೆಯ ಫಲಿತಾಂಶವು ಪ್ರಕಟವಾದಾಗ ನಮ್ಮ ಕಲಬುರಗಿ ಜಿಲ್ಲೆಯು ರಾಜ್ಯದಲ್ಲೆಲ್ಲಾ ಕಡೆಯ ಸ್ಥಾನದಲ್ಲಿ ನಿಂತಿತು. ಇಲ್ಲಿ ನೂರಕ್ಕೆ 42.43 ಮಂದಿ ಮಾತ್ರವೇ ತೇರ್ಗಡೆಯಾದರು. ಮೊದಲ ಸ್ಥಾನದ ದಕ್ಷಿಣ ಕನ್ನಡದಲ್ಲಿ 91.12. ಆ ವಾರ ಬಸ್ ನಿಲ್ದಾಣದಲ್ಲಿಯೂ ಚಹಾದಂಗಡಿಯಲ್ಲಿಯೂ ಜನರು ಮೊಬೈಲನ್ನೂ ಗುರುಗಳನ್ನೂ ಸರಕಾರವನ್ನೂ ಮಳೆಯನ್ನೂ ಕೂಡ ದೂರಿದರು. ಆದರೆ ಹತ್ತನೆಯ ತರಗತಿಯಲ್ಲಿ ಬಿದ್ದ ಹುಡುಗನು ಹತ್ತನೆಯ ತರಗತಿಯಲ್ಲಿಯೇ ಬಿದ್ದನೋ? ಅನೇಕರ ವಿಷಯದಲ್ಲಿ, ಇಲ್ಲ. ಅವನು ಎರಡನೆಯದರಲ್ಲಿಯೇ ಬಿದ್ದಿದ್ದನು. ಸದ್ದು ಕೇಳಿಸಿದ್ದು ಮಾತ್ರ ಎಂಟು ವರ್ಷದ ಮೇಲೆ.

ಇದು ಹೇಗಾಗುತ್ತದೆಂದು ಸ್ವಲ್ಪ ವಿಸ್ತಾರವಾಗಿ ಹೇಳುವದು ಅವಶ್ಯ, ಯಾಕಂದರೆ ಅಕ್ಷರ ಬಲ್ಲವರಾದ ನಮಗೆ ಅಕ್ಷರದ ಕಷ್ಟವು ಮರೆತುಹೋಗಿರುತ್ತದೆ. ಕನ್ನಡದ ವರ್ಣಮಾಲೆಯಲ್ಲಿ 49 ಅಕ್ಷರಗಳೆಂದು ನಾವು ಸಲೀಸಾಗಿ ಹೇಳುತ್ತೇವೆ. ಆದರೆ ಮಗುವಿನ ಕಣ್ಣಿಗೆ ಬೀಳುವದು ನಲವತ್ತೊಂಬತ್ತಲ್ಲ. ಒಂದೊಂದು ವ್ಯಂಜನಕ್ಕೂ ಒಂದು ಕಾಗುಣಿತ, ಅದರ ಕೆಳಗೆ ಒತ್ತಕ್ಷರ, ಹೀಗೆ ನೂರಾರು ರೂಪಗಳು. ಮೂಲಾಕ್ಷರಗಳನ್ನು ಸರಿಯಾಗಿ ಹೇಳುವ ಮಗುವೂ ಕೊಂಬು, ಏತ್ವ, ಓತ್ವಗಳು ಬಂದಾಗ ತಡವರಿಸುವದುಂಟು. ಅದನ್ನು ದಾಟಿದ ಮಗುವೂ ಒತ್ತಕ್ಷರದ ಮೆಟ್ಟಲಲ್ಲಿ ನಿಂತುಬಿಡುವದುಂಟು. ಒಂದೆರಡು ತರಗತಿಗಳಲ್ಲಿ ಓದುವದನ್ನು ಕಲಿಸುತ್ತಾರೆ. ಮೂರು ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಪುಸ್ತಕವು ಮಗುವಿಗೆ ಓದು ಬರುವದೆಂದೇ ಎಣಿಸಿ ಮಾತಾಡತೊಡಗುತ್ತದೆ. ಆಗ ಓದಲಾರದ ಮಗುವಿಗೆ ಕನ್ನಡವೊಂದೇ ಅಲ್ಲ, ಪರಿಸರ ಪಾಠವೂ ಗಣಿತದ ಲೆಕ್ಕವೂ ಒಟ್ಟಿಗೇ ಮುಚ್ಚಿದ ಬಾಗಿಲಾಗುತ್ತವೆ. ಓದಬಲ್ಲ ಮಗುವು ಓದಿ ಓದಿ ಹೊಸ ಶಬ್ದಗಳನ್ನು ಗಳಿಸುತ್ತದೆ, ಆ ಶಬ್ದಗಳ ಬಲದಿಂದ ಮುಂದಿನ ಪಾಠವನ್ನು ಇನ್ನೂ ಸುಲಭವಾಗಿ ಓದುತ್ತದೆ. ಓದಲಾರದ ಮಗುವು ನಾಚಿಕೆಯಿಂದ ಪುಸ್ತಕವನ್ನೇ ಮುಟ್ಟದು. ಮುಟ್ಟದ್ದರಿಂದ ಇದ್ದದ್ದೂ ಮರೆಯುತ್ತದೆ. ಹೀಗೆ ಒಂದು ಗೇಣಿನ ಅಂತರವು ಐದು ವರ್ಷಗಳಲ್ಲಿ ಒಂದು ಹರದಾರಿಯಾಗುತ್ತದೆ.

ಪಂಡಿತರು ಇದಕ್ಕೊಂದು ಹೆಸರು ಇಟ್ಟಿದ್ದಾರೆ. ಅದು ನಮ್ಮ ವಾಚಕರನ್ನು ಬೆರಗುಗೊಳಿಸೀತು. 1968ರಲ್ಲಿ ರಾಬರ್ಟ್ ಮರ್ಟನ್ ಎಂಬ ಸಮಾಜಶಾಸ್ತ್ರಜ್ಞರು ವಿಜ್ಞಾನಿಗಳ ಕೀರ್ತಿಯ ಕುರಿತು ಬರೆಯುವಾಗ ಮೊದಲು ಬಳಸಿದ ಈ ಹೆಸರನ್ನು 1986ರಲ್ಲಿ ಕೀತ್ ಸ್ಟಾನೊವಿಚ್ ಎಂಬ ಮನಶ್ಶಾಸ್ತ್ರಜ್ಞರು ಮಕ್ಕಳ ಓದಿಗೆ ಅನ್ವಯಿಸಿದರು. ಹೆಸರು ಯಾವುದೆಂದರೆ, ಸುವಾರ್ತಿಕನಾದ ಮತ್ತಾಯನದು. ತಲಾಂತುಗಳ ಸಾಮ್ಯದ ಕಡೆಯಲ್ಲಿ, ಇದ್ದವನಿಗೆ ಇನ್ನೂ ಕೊಡಲ್ಪಡುವದೆಂದೂ ಇಲ್ಲದವನಿಂದ ಇದ್ದದ್ದೂ ತೆಗೆಯಲ್ಪಡುವದೆಂದೂ ಬರುವ ಮಾತನ್ನು ನೆನಪಿಗೆ ತಂದುಕೊಂಡು ಅವರು ಇದನ್ನು 'ಮತ್ತಾಯ ಪರಿಣಾಮ'ವೆಂದು ಕರೆದರು. ಶಾಲೆಯ ಕೋಣೆಯನ್ನು ಅದರ ಪಾಡಿಗೆ ಬಿಟ್ಟರೆ ಅಲ್ಲಿ ನಡೆಯುವದು ಇದೇ ಎಂಬದು ಅವರ ಅಭಿಪ್ರಾಯ.

ಇಲ್ಲಿ ನಾವು ಜಾಗ್ರತೆಯಿಂದ ಹೆಜ್ಜೆ ಇಡಬೇಕು. ಕೆಲವರು ಆ ವಚನವನ್ನು ಹಿಡಿದು, 'ದೇವರೇ ಒಬ್ಬನಿಗೆ ಐದು, ಒಬ್ಬನಿಗೆ ಎರಡು, ಒಬ್ಬನಿಗೆ ಒಂದು ತಲಾಂತು ಕೊಟ್ಟಿರುವಾಗ ನಾವು ಯಾಕೆ ಹೆಣಗಬೇಕು? ಆ ಹುಡುಗನಿಗೆ ಇಷ್ಟೇ ತಲೆ' ಎಂದು ಹೇಳುವರು. ನೆರೆಮನೆಯವರು ಹಣೆಬರಹವೆಂದು ಹೇಳಿದರೆ ನಾವು ಒಪ್ಪುವದಿಲ್ಲ. ಅದೇ ಮಾತನ್ನು ತಲಾಂತು ಎಂಬ ಹೆಸರಿನಲ್ಲಿ ಒಪ್ಪಿಕೊಳ್ಳುತ್ತೇವೆ! ಸಾಮ್ಯದಲ್ಲಿ ದೋಷಕ್ಕೆ ಗುರಿಯಾದವನು ಕಡಿಮೆ ಪಡೆದವನೆಂಬ ಕಾರಣಕ್ಕೆ ಗುರಿಯಾಗಲಿಲ್ಲ, ಕೊಟ್ಟದ್ದನ್ನು ನೆಲದಲ್ಲಿ ಹೂಳಿಟ್ಟದ್ದಕ್ಕೆ ಗುರಿಯಾದನು. ಏಳು ವರ್ಷದ ಮಗುವಿನ ತಲಾಂತನ್ನು ಹೂಳುವವರು ಯಾರು? ಮಗುವಂತೂ ಅಲ್ಲ. ಅದಲ್ಲದೆ ಓದುಬರಹವು ತಲಾಂತೇ ಅಲ್ಲವೆಂದು ನನ್ನ ಎಣಿಕೆ. ಅದು ತಲಾಂತನ್ನು ಇಟ್ಟುಕೊಳ್ಳುವ ಚೀಲ. ಚೀಲವನ್ನೇ ಕೊಡದೆ, ಇವನ ಕೈಯಲ್ಲಿ ಎಷ್ಟಿದೆಯೆಂದು ಅಳೆಯುವದು ಯಾವ ನ್ಯಾಯ?

ನಮ್ಮ ಸೀಮೆಯಲ್ಲಿ ಮಕ್ಕಳು ಹಿಂದೆ ಬೀಳುವದಕ್ಕಿರುವ ಕಾರಣಗಳನ್ನು ನೋಡಿದರೆ ತಲೆಯ ಮಾತು ಇನ್ನೂ ಹಿಂದಕ್ಕೆ ಸರಿಯುತ್ತದೆ. ಚಿಂಚೋಳಿಯ ಕಡೆಯ ತಾಂಡಾಗಳಲ್ಲಿ ಮಗುವು ತಾಯಿಯ ಮಡಿಲಲ್ಲಿ ಕೇಳಿದ್ದು ಲಂಬಾಣಿ ಮಾತು. ಸೇಡಮ್ಮಿನ ಗಡಿಯ ಕಡೆ ಹಲವು ಮನೆಗಳಲ್ಲಿ ತೆಲುಗು; ಶಹಾಬಾದ, ವಾಡಿಯ ಓಣಿಗಳಲ್ಲಿ ಉರ್ದು. ಆ ಮಗುವು ಶಾಲೆಗೆ ಬಂದು ಪುಸ್ತಕದ ಕನ್ನಡವನ್ನು ಕೇಳಿದಾಗ ಎರಡು ಕೆಲಸಗಳನ್ನು ಒಟ್ಟಿಗೆ ಮಾಡಬೇಕಾಗುತ್ತದೆ, ಭಾಷೆಯನ್ನೂ ಕಲಿಯಬೇಕು, ಅದರ ಅಕ್ಷರವನ್ನೂ ಕಲಿಯಬೇಕು. ಬಳಿಕ ಹೊಟ್ಟೆಯ ಮಾತು. ತೊಗರಿಯ ರಾಶಿಯ ಕಾಲಕ್ಕೆ ಮನೆಯಲ್ಲಿ ಕೂಸನ್ನು ನೋಡಿಕೊಳ್ಳಲು ದೊಡ್ಡ ಹುಡುಗಿಯು ನಿಲ್ಲುವಳು. ದೀಪಾವಳಿ ಕಳೆದ ಮೇಲೆ ಎಷ್ಟೋ ಸಂಸಾರಗಳು ಗಂಟುಮೂಟೆ ಕಟ್ಟಿಕೊಂಡು ಮುಂಬಯಿ, ಪುಣೆ, ಹೈದರಾಬಾದುಗಳ ಕಟ್ಟಡದ ಕೆಲಸಕ್ಕೂ ಕಬ್ಬಿನ ಸೀಮೆಗೂ ಹೋಗುವವು; ಮಕ್ಕಳು ಕೂಡ ಹೋಗುವರು. ಯುಗಾದಿಯ ಹೊತ್ತಿಗೆ ತಿರುಗಿ ಬಂದಾಗ ತರಗತಿಯು ಹತ್ತು ಪಾಠ ಮುಂದೆ ಹೋಗಿರುವದು. ಚಿತ್ತಾಪುರ, ಶಹಾಬಾದಗಳಲ್ಲಿ ಫರಸಿಕಲ್ಲಿನ ಗಣಿಗೆ ನಸುಕಿನಲ್ಲಿ ಹೋಗುವ ತಂದೆತಾಯಿಗಳಿಗೆ ಮಗುವಿನ ಪಾಟಿಯ ಮೇಲೆ ಏನು ಬರೆದಿದೆಯೆಂದು ನೋಡುವ ವೇಳೆಯೂ ಇಲ್ಲ, ನೋಡಿದರೂ ತಿಳಿಯುವದಿಲ್ಲ. ಇವೆಲ್ಲವುಗಳ ಮೇಲೆ 2020ರ ಮಾರ್ಚಿನಲ್ಲಿ ಮಹಾಮಾರಿಯ ದೆಸೆಯಿಂದ ಶಾಲೆಗಳು ಮುಚ್ಚಲ್ಪಟ್ಟವು. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಶಾಲೆಯ ಬಾಗಿಲು ತಿರುಗಿ ತೆರೆದದ್ದು 2021ರ ಅಕ್ಟೋಬರ್ 25ರಂದು. ಆ 2020ರಲ್ಲಿ ಒಂದನೆಯ ತರಗತಿಗೆ ಹೆಸರು ಹಚ್ಚಿದ ಮಕ್ಕಳು ತಡೆಯಿಲ್ಲದೆ ನಡೆದರೆ ಹತ್ತನೆಯ ಪರೀಕ್ಷೆಗೆ ಕೂಡುವದು 2030ರಲ್ಲಿ. ಆಗ ಬಿದ್ದವರನ್ನು ನೋಡಿ ನಾವು ಮತ್ತೆ ಮಳೆಯನ್ನು ದೂರಬಹುದು.

ಮೇಲೆ ಕೇಳಿದ ಪ್ರಶ್ನೆಗೆ ಬರುತ್ತೇನೆ. ಎಲ್ಲರಿಗೂ ಸಮಪಾಲು ಕೊಡುವದೇ ನ್ಯಾಯವೆಂದು ಹೇಳುವವರ ಮಾತನ್ನು ಹಗುರಾಗಿ ತಳ್ಳಿಬಿಡಲಾಗದು. ಚೆನ್ನಾಗಿ ಓದುವ ಮಗುವಿನ ತಂದೆಯು ಬಂದು, 'ಅಯ್ಯಾ, ನನ್ನ ಮಗಳು ಶ್ರದ್ಧೆಯಿಂದ ಓದಿದಳು. ಆ ಶ್ರದ್ಧೆಗೆ ನೀವು ಕೊಡುವ ಬಹುಮಾನವೇನು, ಅವಳನ್ನು ಸುಮ್ಮನೆ ಕೂರಿಸುವದೋ?' ಎಂದು ಕೇಳಿದರೆ ಉತ್ತರ ಕೊಡಬೇಕಾದದ್ದೇ. ದ್ರಾಕ್ಷೇತೋಟದಲ್ಲಿ ಬೆಳಗಿನಿಂದ ಬಿಸಿಲು ಹೊತ್ತ ಕೂಲಿಯವರು ಸಂಜೆ ಗೊಣಗಿದ್ದೂ ಇದೇ ರೀತಿಯ ಗೊಣಗಾಟ. ಯಜಮಾನನು ಅವರಿಗೆ ಒಪ್ಪಿಕೊಂಡ ಕೂಲಿಯಲ್ಲಿ ಒಂದು ಕಾಸನ್ನೂ ಮುರಿದುಕೊಳ್ಳಲಿಲ್ಲವೆಂಬದನ್ನು ನಾವು ಗಮನಿಸಬೇಕು. ಅಂದರೆ, ಹಿಂದೆ ಬಿದ್ದವನಿಗೆ ಹೆಚ್ಚು ಕೊಡುವದು ಅನ್ಯಾಯವಾಗುವದು ಮುಂದಿರುವವನ ಪಾಲನ್ನು ಕಿತ್ತುಕೊಂಡರೆ ಮಾತ್ರ. ಹಾಗೆ ಕಿತ್ತುಕೊಳ್ಳಬೇಕಾಗುತ್ತದೆಯೋ ಎಂಬದು ಊಹೆಯಿಂದ ಹೇಳತಕ್ಕ ಸಂಗತಿಯಲ್ಲ; ಪರೀಕ್ಷಿಸಿ ನೋಡತಕ್ಕ ಸಂಗತಿ.

ಪರೀಕ್ಷಿಸಿ ನೋಡಿದವರೂ ಇದ್ದಾರೆ. 'ಪ್ರಥಮ್' ಎಂಬ ಸಂಸ್ಥೆಯವರು ಮುಂಬಯಿ ಮತ್ತು ವಡೋದರಾ ಪಟ್ಟಣಗಳ ಸರಕಾರೀ ಶಾಲೆಗಳಲ್ಲಿ 'ಬಾಲಸಖಿ' ಎಂಬ ಕಾರ್ಯವನ್ನು ನಡಿಸಿದರು. ಅದೇ ಓಣಿಯ, ಸಾಧಾರಣ ಓದಿನ ಒಬ್ಬ ಯುವತಿಯನ್ನು ಅಲ್ಪ ಸಂಭಾವನೆಗೆ ನೇಮಿಸಿ, ಮೂರು ನಾಲ್ಕನೆಯ ತರಗತಿಗಳಲ್ಲಿ ಹಿಂದುಳಿದ ಮಕ್ಕಳನ್ನು ದಿನಕ್ಕೆ ಎರಡು ತಾಸು ಬೇರೆಯಾಗಿ ಕೂರಿಸಿ ಅಕ್ಷರ, ಲೆಕ್ಕಗಳನ್ನು ಬುಡದಿಂದ ಕಲಿಸುವದು ಅದರ ಕ್ರಮ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮೊದಲಾದ ಅರ್ಥಶಾಸ್ತ್ರಜ್ಞರು ಇದನ್ನು ಕಾರ್ಯ ನಡೆದ ಶಾಲೆ, ನಡೆಯದ ಶಾಲೆ ಎಂದು ತೂಗಿ ನೋಡಿ 2007ರಲ್ಲಿ ಪ್ರಕಟಿಸಿದರು. (ಈ ಇಬ್ಬರು ಮೈಕೆಲ್ ಕ್ರೆಮರ್ ಎಂಬವರೊಂದಿಗೆ 2019ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು.) ಕಂಡುಬಂದದ್ದೇನಂದರೆ, ಎಲ್ಲರಿಗಿಂತ ಕೆಳಗಿದ್ದ ಮಕ್ಕಳೇ ಎಲ್ಲರಿಗಿಂತ ಹೆಚ್ಚು ಮೇಲೆ ಬಂದರು, ತರಗತಿಯಲ್ಲಿಯೇ ಉಳಿದ ಮುಂದುವರಿದ ಮಕ್ಕಳಿಗೆ ಇದರಿಂದ ನಷ್ಟವೇನೂ ಆಗಲಿಲ್ಲ. ತೊಂಬತ್ತೊಂಬತ್ತು ಕುರಿಗಳನ್ನು ಅಡವಿಯಲ್ಲಿ ಬಿಟ್ಟು ಒಂದರ ಹಿಂದೆ ಹೋದ ಕುರುಬನ ವಿಷಯದಲ್ಲಿ ಲೆಕ್ಕ ಬಲ್ಲವರು ಯಾವಾಗಲೂ ಮೂಗು ಮುರಿಯುತ್ತಿದ್ದರು. ಲೆಕ್ಕದ ಪಂಡಿತರೇ ಈಗ ಎಣಿಸಿ ನೋಡಿ, ತೊಂಬತ್ತೊಂಬತ್ತೂ ಸುಖವಾಗಿ ಮೇಯುತ್ತಿದ್ದವೆಂದು ಹೇಳಿದ್ದಾರೆ. ಆದರೆ ಅದೇ ಪತ್ರದಲ್ಲಿ ಇನ್ನೊಂದು ಮಾತೂ ಇದೆ. ಅದನ್ನು ಮುಚ್ಚಿಡುವದು ಪ್ರಾಮಾಣಿಕತೆಯಲ್ಲ. ಕಾರ್ಯವು ನಿಂತು ಒಂದು ವರ್ಷವಾದ ಮೇಲೆ ನೋಡಿದಾಗ ಗಳಿಸಿದ್ದರಲ್ಲಿ ಬಹುಪಾಲು ಸವೆದುಹೋಗಿತ್ತು, ಸ್ವಲ್ಪ ಮಾತ್ರ ಉಳಿದಿತ್ತು. ಒಂದು ಸಾರಿ ನೀರು ಹೊಯ್ದು ಬಂದರೆ ಸಾಲದು.

ಮುಂದಿರುವ ಮಕ್ಕಳನ್ನು ಹಿಂದಿರುವವರ ಸಹಾಯಕ್ಕೆ ಹಚ್ಚುವ ಉಪಾಯವೊಂದು ನಮ್ಮ ದೇಶದಲ್ಲಿಯೇ ಹುಟ್ಟಿದ್ದು. 1789ರಲ್ಲಿ ಮದ್ರಾಸಿನ ಎಗ್ಮೋರಿನಲ್ಲಿದ್ದ ಸಿಪಾಯಿಗಳ ಅನಾಥ ಮಕ್ಕಳ ಶಾಲೆಗೆ ಆಂಡ್ರೂ ಬೆಲ್ ಎಂಬ ಪಾದ್ರಿಯವರು ಮೇಲ್ವಿಚಾರಕರಾದರು. ಊರ ಮಕ್ಕಳು ನೆಲದ ಮರಳಿನಲ್ಲಿ ಬೆರಳಿನಿಂದ ಅಕ್ಷರ ತೀಡುವದನ್ನು ಅವರು ಕಂಡು, ತಮ್ಮ ಶಾಲೆಯಲ್ಲಿಯೂ ಹಾಗೆ ಮಾಡಿಸಬೇಕೆಂದು ಹೇಳಿದಾಗ ಅಲ್ಲಿಯ ಉಪಾಧ್ಯಾಯರು ಒಪ್ಪಲಿಲ್ಲ. ಆಗ ಅವರು ಫ್ರಿಸ್ಕೆನ್ ಎಂಬ ಚಿಕ್ಕ ಹುಡುಗನ ಕೈಗೆ ಅಕ್ಷರ ಕಲಿಯುವವರ ತರಗತಿಯನ್ನು ಒಪ್ಪಿಸಿದರು. ಹುಡುಗನು ಕಲಿಸಿಯೂ ಬಿಟ್ಟನು. ಬೆಲ್ ಸಾಹೇಬರು 1797ರಲ್ಲಿ ಲಂಡನ್ನಿನಲ್ಲಿ ಇದರ ವರದಿಯನ್ನು ಅಚ್ಚು ಹಾಕಿಸಿದ ಮೇಲೆ 'ಮದ್ರಾಸ್ ಪದ್ಧತಿ' ಎಂಬದು ಬ್ರಿಟನ್ನಿನಲ್ಲಿಯೂ ಅದರ ಆಚೆಗೂ ಹಬ್ಬಿತು. ಕ್ವೇಕರ್ ಪಂಗಡದ ಲ್ಯಾಂಕಾಸ್ಟರನೂ ಆಂಗ್ಲಿಕನ್ ಸಭೆಯ ಬೆಲ್ಲನೂ, ಈ ಪದ್ಧತಿಯು ಮೊದಲು ಯಾರದೆಂದು ಬಹು ಕಾಲ ಜಗಳವಾಡಿದರು. ಜಗಲಿ ಶಾಲೆಯ ಅಯ್ಯನವರನ್ನು ಯಾರೂ ಕೇಳಲಿಲ್ಲ. ಆ ಪದ್ಧತಿಯು ಮುಂದೆ ನೂರಾರು ಮಕ್ಕಳನ್ನು ಒಬ್ಬ ಗುರುವಿನ ಕೆಳಗೆ ಅಗ್ಗದಲ್ಲಿ ದೂಡುವ ಯಂತ್ರವಾಗಿ ಕೆಟ್ಟಿತೆಂಬದೂ ನಿಜವೇ. ಆದರೆ ಕಲಿಸಿದವನು ಎರಡು ಸಾರಿ ಕಲಿಯುತ್ತಾನೆಂಬ ಅದರ ತಿರುಳು ಸುಳ್ಳಾಗಲಿಲ್ಲ. ಮೇಲೆ ಹೇಳಿದ ತಂದೆಗೆ ನಾವು ಹೇಳಬಹುದಾದ ಒಂದು ಉತ್ತರ ಇದು: ನಿನ್ನ ಮಗಳು ವಾರಕ್ಕೆ ಎರಡು ದಿನ ಅರ್ಧ ತಾಸು ತನ್ನ ಗೆಳತಿಗೆ ಓದಿ ತೋರಿಸಲಿ, ಅವಳು ಸುಮ್ಮನೆ ಕೂತಿರುವದಿಲ್ಲ. ಅದಕ್ಕಿಂತ ಹೆಚ್ಚು ಹೊತ್ತು ಅವಳನ್ನು ದುಡಿಸಕೂಡದು.

ಎರಡನೆಯ ಆಕ್ಷೇಪಣೆಯು ಮೊದಲನೆಯದಕ್ಕಿಂತ ಗಟ್ಟಿಯಾದದ್ದು. ಹಿಂದುಳಿದವರನ್ನು ಆರಿಸಿ ಬೇರೆ ಕೂರಿಸುವದೇ ಅವರಿಗೆ ಮುದ್ರೆ ಒತ್ತಿದ ಹಾಗಲ್ಲವೋ? ಊರಲ್ಲಿ ಕೇರಿಗಳನ್ನು ಬೇರೆ ಮಾಡಿದ ಪಾಪವು ಇನ್ನೂ ತೊಳೆದುಹೋಗಿಲ್ಲ. ಶಾಲೆಯಲ್ಲಿ ಇನ್ನೊಂದು ಕೇರಿಯನ್ನು ಕಟ್ಟುವದೋ? ಬೇರೆ ಕೂರಿಸಲ್ಪಟ್ಟವರ ಯಾದಿಯನ್ನು ನೋಡಿದರೆ ಅದರಲ್ಲಿ ಯಾವ ಓಣಿಯ, ಯಾವ ತಾಂಡಾದ ಹೆಸರುಗಳು ಹೆಚ್ಚಾಗಿರುವವೆಂದು ವಾಚಕರಿಗೆ ನಾನು ಹೇಳಬೇಕಾಗಿಲ್ಲ. ಈ ಭಯವು ನ್ಯಾಯವಾದದ್ದೇ. ಇದಕ್ಕೆ ಸಮಾಧಾನವು ಮಾತಿನಲ್ಲಿಲ್ಲ, ಮಾಡುವ ರೀತಿಯಲ್ಲಿದೆ. ಗುಂಪು ಮಾಡುವದು ಮಗುವನ್ನು ನೋಡಿ ಅಲ್ಲ, ಈ ತಿಂಗಳು ಅದು ಯಾವ ಮೆಟ್ಟಲಲ್ಲಿದೆ ಎಂಬದನ್ನು ನೋಡಿ. ಮುಂದಿನ ತಿಂಗಳು ಮತ್ತೆ ನೋಡಬೇಕು, ಏರಿದ ಮಗುವನ್ನು ಆ ದಿನವೇ ಮುಂದಕ್ಕೆ ಕಳುಹಿಸಬೇಕು. ಯಾರೂ ಹೊರಗೆ ಬರದ ಗುಂಪು ಸೆರೆಮನೆ. ವರ್ಷವಿಡೀ ಜನರು ಬಂದು ಹೋಗುತ್ತಿರುವ ಗುಂಪಿಗೆ ಯಾರೂ ಹೆಸರಿಡಲಾರರು. ಫಿನ್ಲೆಂಡ್ ದೇಶದಲ್ಲಿ ಶಾಲೆಯ ಮೊದಲ ವರ್ಷಗಳಲ್ಲಿ ಇಂಥ ಸಹಾಯವನ್ನು ಒಂದಲ್ಲ ಒಂದು ಕಾಲದಲ್ಲಿ ಪಡೆಯುವ ಮಕ್ಕಳು ಎಷ್ಟೋ ಮಂದಿ ಇರುವದರಿಂದ ಅದು ಅಲ್ಲಿ ನಾಚಿಕೆಯ ಮಾತಾಗಿಲ್ಲ.

ನಮ್ಮ ಕರ್ನಾಟಕದಲ್ಲಿಯೇ ಇದಕ್ಕೆ ಒಳ್ಳೆಯ ದೃಷ್ಟಾಂತವಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಗುರುಗಳು ಆಂಧ್ರದ ಋಷಿವ್ಯಾಲಿಯಲ್ಲಿ ಕಂಡದ್ದನ್ನು ತಮ್ಮ ಶಾಲೆಗೆ ಹೊಂದಿಸಿ ಆರಂಭಿಸಿದ ನಲಿ-ಕಲಿ ಪದ್ಧತಿಯು ಈಗ ರಾಜ್ಯದ ಸರಕಾರೀ ಶಾಲೆಗಳಲ್ಲೆಲ್ಲಾ ಪರಿಚಿತವಾದದ್ದು. ಅದರಲ್ಲಿ ಪಾಠಗಳಿಗೆ ಬದಲಾಗಿ ಕಲಿಕೆಯ ಏಣಿ. ಮಕ್ಕಳು ಐದು ತಟ್ಟೆಗಳಲ್ಲಿ ಕೂಡುವರು. ಮೊದಲ ತಟ್ಟೆಯಲ್ಲಿ ಗುರುವಿನ ಪೂರ್ಣ ಸಹಾಯ, ನಡುವೆ ಗೆಳೆಯರ ಸಹಾಯ, ಕಡೆಯದರಲ್ಲಿ ತನ್ನಷ್ಟಕ್ಕೆ ತಾನೇ. ತಟ್ಟೆಯು ಮಗುವಿನ ಅಂತಸ್ತಲ್ಲ, ಅದು ಈಗ ಮಾಡುತ್ತಿರುವ ಕೆಲಸದ ಗುರುತು. ಒಂದೇ ಮಗು ಒಂದೇ ವಾರದಲ್ಲಿ ಹಲವು ತಟ್ಟೆಗಳಲ್ಲಿ ಕೂತೆದ್ದು ಬರುತ್ತದೆ. ಸುಗ್ಗಿಗೋ ಗುಳೆಗೋ ಹೋಗಿ ಎರಡು ತಿಂಗಳ ಮೇಲೆ ಬಂದ ಮಗುವು ಎಲ್ಲರೂ ನಿಂತ ಮೆಟ್ಟಲಿನಿಂದಲ್ಲ, ತಾನು ಬಿಟ್ಟುಹೋದ ಮೆಟ್ಟಲಿನಿಂದ ಮುಂದೆ ಹೋಗುತ್ತದೆ. ಚಿಂಚೋಳಿಯ ತಾಂಡಾಕ್ಕೆ ಇದಕ್ಕಿಂತ ಒಪ್ಪುವ ಉಪಾಯವನ್ನು ಬೇರೆ ಯಾರಾದರೂ ಕಂಡುಹಿಡಿದರೆ ನಾನು ಕೇಳಲು ಸಿದ್ಧನಿದ್ದೇನೆ. ಆದರೆ ಇದು ಚೆನ್ನಾಗಿ ನಡೆಯಬೇಕಾದರೆ ಗುರುವು ತರಗತಿಯಲ್ಲಿರಬೇಕು, ಕಾರ್ಡುಗಳು ಹರಿಯದೆ ಇರಬೇಕು, ಒಬ್ಬರ ಕೈಗೆ ಮೂರು ತರಗತಿಗಳೂ ಕಚೇರಿಯ ಕಾಗದಗಳೂ ಒಟ್ಟಿಗೆ ಬೀಳಬಾರದು.

ಮುದ್ರೆಯ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಿಬಿಡುತ್ತೇನೆ. ನಮ್ಮ ಸ್ವಾಮಿಯು ಬೆಟ್ಟದ ಮೇಲೆ ಉಪದೇಶಿಸಿದಾಗ, ಸಹೋದರನನ್ನು ಬುದ್ಧಿಯಿಲ್ಲದವನೆಂದು ಹೀಗಳೆಯುವವನು ಎಂಥ ದಂಡನೆಗೆ ಗುರಿಯಾಗುವನೆಂದು ಎಚ್ಚರಿಸಿದ್ದು ನಮಗೆಲ್ಲರಿಗೂ ಗೊತ್ತು. ಕೊಲೆಯ ಪಕ್ಕದಲ್ಲಿಯೇ ಆತನು ಆ ಮಾತನ್ನು ಇಟ್ಟನು. ಇಷ್ಟು ಕಠಿಣವಾದ ಎಚ್ಚರಿಕೆಯನ್ನು ಕೇಳಿದ ಮೇಲೂ 'ದಡ್ಡ' ಎಂಬ ಶಬ್ದವು ನಮ್ಮ ಮನೆಗಳಲ್ಲಿ ಎಷ್ಟು ಸಲೀಸಾಗಿ ಹೊರಡುತ್ತದೆ! ಅಣ್ಣನ ಎದುರಿನಲ್ಲಿ ತಮ್ಮನಿಗೆ ಹೇಳುತ್ತೇವೆ, ನೆಂಟರ ಮುಂದೆ ನಗುತ್ತ ಹೇಳುತ್ತೇವೆ. ಮಗುವು ಅದನ್ನು ನಂಬುತ್ತದೆ. ಒಮ್ಮೆ ನಂಬಿದ ಮೇಲೆ ಅದು ಪ್ರಯತ್ನಿಸುವದನ್ನು ಬಿಡುತ್ತದೆ, ಯಾಕಂದರೆ ಪ್ರಯತ್ನಿಸಿ ಸೋಲುವದಕ್ಕಿಂತ ಪ್ರಯತ್ನಿಸದೆ ಸೋಲುವದು ಕಡಿಮೆ ನೋವಿನ ಕೆಲಸ. ಆದದ್ದರಿಂದ ಯಾವ ಸಹಾಯ ತರಗತಿಯೇ ಆಗಲಿ, ಅದರ ಮೊದಲ ಕಟ್ಟಳೆ ಈ ಶಬ್ದವನ್ನು ಬಾಗಿಲ ಹೊರಗೆ ನಿಲ್ಲಿಸುವದಾಗಿರಬೇಕು.

ದಡ್ಡನೆಂದು ನಾವು ತೀರ್ಪು ಕೊಟ್ಟವನ ಕಣ್ಣನ್ನು ಪರೀಕ್ಷೆ ಮಾಡಿಸಿದ್ದೇವೋ ಎಂದೂ ಕೇಳಿಕೊಳ್ಳಬೇಕು. ಹಲಗೆಯು ಕಾಣದ ಮಗುವು ಕಾಣದೆಂದು ಹೇಳುವದಿಲ್ಲ, ಎಲ್ಲರಿಗೂ ಹಾಗೆಯೇ ಕಾಣುವದೆಂದು ಅದು ತಿಳಿದಿರುತ್ತದೆ. ಕಿವಿ ಸೋರುವ ಮಗು, ರಕ್ತಹೀನತೆಯಿಂದ ಬೆಂಚಿನ ಮೇಲೆ ತೂಕಡಿಸುವ ಮಗು, ಬೆಳಿಗ್ಗೆ ಉಣ್ಣದೆ ಬಂದ ಮಗು, ಇವರೆಲ್ಲಾ ಒಂದೇ ಯಾದಿಯಲ್ಲಿ ಸೇರಿಹೋಗುತ್ತಾರೆ. ಇನ್ನು ಕೆಲವು ಮಕ್ಕಳಿಗೆ ಕಣ್ಣೂ ಕಿವಿಯೂ ಬುದ್ಧಿಯೂ ಸರಿಯಾಗಿದ್ದು ಅಕ್ಷರವನ್ನು ಶಬ್ದದೊಂದಿಗೆ ಜೋಡಿಸುವದರಲ್ಲಿಯೇ ಹುಟ್ಟಿನಿಂದ ತೊಡಕಿರುತ್ತದೆ. ಡಿಸ್ಲೆಕ್ಸಿಯ ಎಂದು ಅದಕ್ಕೆ ಹೆಸರು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಇಂಥ ವಿಶೇಷ ಕಲಿಕಾ ತೊಡಕನ್ನು ಅಂಗೀಕರಿಸಿದೆ. ಅಂಥ ಮಗುವಿಗೆ ಬೈಗಳೂ ಪ್ರಯೋಜನವಿಲ್ಲ, ಬರೀ ಪ್ರಾರ್ಥನೆಯೂ ಸಾಲದು. ಬಲ್ಲವರ ಕೈಯಿಂದ ಬೇರೆ ಕ್ರಮದಲ್ಲಿ, ಹೆಚ್ಚು ಕಾಲ ಕಲಿಸಬೇಕು.

ಈ ಕೆಲಸ ಯಾರದು? ಸರಕಾರದ್ದೆಂದು ಹೇಳುವವರು ತಪ್ಪು ಹೇಳುವದಿಲ್ಲ. 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯ 24ನೇ ಕಲಮು, ಪ್ರತಿಯೊಂದು ಮಗುವಿನ ಕಲಿಯುವ ಶಕ್ತಿಯನ್ನು ಗುರುವು ಅಳೆದು ನೋಡಬೇಕೆಂದೂ ಅಗತ್ಯವಿದ್ದರೆ ಹೆಚ್ಚಿನ ಪಾಠ ಕೊಡಬೇಕೆಂದೂ ಸ್ಪಷ್ಟವಾಗಿ ವಿಧಿಸಿದೆ. 2021ರಲ್ಲಿ ಕೇಂದ್ರ ಸರಕಾರವು ನಿಪುಣ್ ಭಾರತ್ ಎಂಬ ಕಾರ್ಯವನ್ನು ತೆರೆದು, 2026-27ರೊಳಗೆ ಮೂರನೆಯ ತರಗತಿ ಮುಗಿಸುವ ಪ್ರತಿ ಮಗುವಿಗೂ ಓದುಬರಹ, ಲೆಕ್ಕಗಳ ಬುನಾದಿ ಬರಬೇಕೆಂದು ಗುರಿ ಇಟ್ಟಿತು. ರಾಜ್ಯವು 2022-23ನೇ ಸಾಲನ್ನು ಕಲಿಕಾ ಚೇತರಿಕೆಯ ವರ್ಷವಾಗಿ ನಡಿಸಿತು. ಗುರಿಯು ದೂರವಿದೆಯೆಂಬದಕ್ಕೆ ಸಾಕ್ಷಿ, ದೇಶದ ಹಳ್ಳಿಗಳಲ್ಲಿ ಮಕ್ಕಳನ್ನು ಮನೆಮನೆಗೆ ಹೋಗಿ ಓದಿಸಿ ನೋಡುವ ಅಸರ್ ವರದಿ: ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ನೂರಕ್ಕೆ 2018ರಲ್ಲಿ 27, 2022ರಲ್ಲಿ 20, 2024ರಲ್ಲಿ ತಿರುಗಿ 27. ಅಂದರೆ ಮಹಾಮಾರಿಯು ತೆಗೆದುಕೊಂಡದ್ದು ಹೆಚ್ಚುಕಡಿಮೆ ತಿರುಗಿ ಬಂದಿದೆ. ಆದರೆ ಮಹಾಮಾರಿಗೆ ಮೊದಲೇ ನೂರರಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಂದಿ ಓದಲಾರದೆ ಇದ್ದರು.

ಕಾಯಿದೆಯು ಗುರುವಿಗೆ ಕರ್ತವ್ಯವನ್ನು ವಿಧಿಸಿತು, ಆದರೆ ಊರವರ ಮೆಚ್ಚಿಗೆಯನ್ನು ಬೇರೆ ಕಡೆ ಇಟ್ಟಿತು. ಹತ್ತನೆಯ ತರಗತಿಯ ಫಲಿತಾಂಶವು ಪತ್ರಿಕೆಯಲ್ಲಿ ಬರುತ್ತದೆ. ಆದದ್ದರಿಂದ ಹಣ, ಮೇಲಧಿಕಾರಿಗಳ ಭೇಟಿ, ಬೆಳಗಿನ ವಿಶೇಷ ತರಗತಿ, ಸಂಜೆಯ ವಿಶೇಷ ತರಗತಿ, 'ಪಾಸಿಂಗ್ ಪ್ಯಾಕೇಜ್' ಎಂಬ ಕಂಠಪಾಠದ ಕಟ್ಟು, ಇವೆಲ್ಲಾ ಹತ್ತನೆಯದರ ಸುತ್ತ ನೆರೆಯುತ್ತವೆ. ಹದಿನಾರು ವರ್ಷದ ಹುಡುಗಿಯು ಈ ವರ್ಷ ಬಿದ್ದರೆ ಮುಂದಿನ ವರ್ಷ ಅವಳಿಗೆ ಮದುವೆಯನ್ನೇ ಮಾಡಿಬಿಡುವರೆಂಬ ಹೆದರಿಕೆಯು ನಿಜವಾಗಿರುವಾಗ, ಆ ಸಹಾಯವನ್ನು ನಿಲ್ಲಿಸಿರೆಂದು ನಾನು ಹೇಳಲಾರೆನು. ಆದರೆ ಎರಡನೆಯ ತರಗತಿಯಲ್ಲಿ ಒಂದು ಮಗುವಿಗೆ ಒತ್ತಕ್ಷರವನ್ನು ದಾಟಿಸಿದ ಗುರುವಿನ ಹೆಸರನ್ನು ಯಾವ ಪತ್ರಿಕೆಯೂ ಹಾಕುವದಿಲ್ಲ. ಮುಳುಗುವವನನ್ನು ಎಳೆದವನಿಗೆ ಜನರು ಹಾರ ಹಾಕುವರು. ಬಾವಿಗೆ ಕಟ್ಟೆ ಕಟ್ಟಿದವನನ್ನು ಯಾರು ನೆನೆಯುವರು? ಮೇಲಿಂದ ಮೇಲೆ ಮೆಚ್ಚಿಗೆಯನ್ನು ಬಯಸದೆ ಮಾಡತಕ್ಕ ಸೇವೆಯ ಕುರಿತು ಪ್ರಸಂಗ ಕೇಳುವವರು ನಾವು. ಈ ಕೆಲಸಕ್ಕೆ ನಮ್ಮಲ್ಲಿ ಜನರು ಸಿಕ್ಕಬೇಕಲ್ಲವೇ?

ನಮ್ಮ ಪೂರ್ವಿಕರಿಗೆ ಸಿಕ್ಕಿದ್ದರು. 1780ರಲ್ಲಿ ಇಂಗ್ಲೆಂಡಿನ ಗ್ಲೌಸ್ಟರ್ ಪಟ್ಟಣದಲ್ಲಿ ರಾಬರ್ಟ್ ರೇಕ್ಸ್ ಎಂಬ ಪತ್ರಿಕಾ ಮುದ್ರಕರು ಸಂಡೇ ಸ್ಕೂಲನ್ನು ಆರಂಭಿಸಿದ್ದು ವಾರವೆಲ್ಲಾ ದುಡಿಯುವ ಮಕ್ಕಳಿಗೆ ಬಿಡುವಿನ ಒಂದೇ ದಿನದಲ್ಲಿ ಓದು ಕಲಿಸುವದಕ್ಕಾಗಿ. ಅಕ್ಷರವೇ ಅಲ್ಲಿಯ ಮೊದಲ ಪಾಠವಾಗಿತ್ತು. ಈಗ ನಮ್ಮ ಸಂಡೇ ಸ್ಕೂಲುಗಳಲ್ಲಿ ಬಾಯಿಪಾಠದ ವಚನವನ್ನು ಗಿಣಿಯ ಹಾಗೆ ಹೇಳಿ ಬಹುಮಾನ ಪಡೆಯುವ ಮಗುವಿಗೆ ಆ ವಚನವನ್ನು ಪುಸ್ತಕದಲ್ಲಿ ತೋರಿಸೆಂದರೆ ಬಾರದಿರುವದುಂಟು. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ 1986ರಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿದ್ದದ್ದು ಹೊರಬಿತ್ತು. ಶತಮಾನಗಳ ವರೆಗೆ ಜನರು ಆ ಕಲ್ಲಿನ ಮುಂದೆ ಕೈಮುಗಿದಿದ್ದರು. ಅದರಲ್ಲಿ ಅರಸನು ಪ್ರಜೆಗಳಿಗೆ ಬರೆಸಿದ ಮಾತುಗಳಿದ್ದವೆಂದು ಯಾರಿಗೂ ತಿಳಿದಿರಲಿಲ್ಲ. ಓದು ಬಾರದ ಮಗುವಿನ ಕೈಯಲ್ಲಿ ಸತ್ಯವೇದವೂ ಹಾಗೆಯೇ ಇರುತ್ತದೆ.

ಒಂದು ಸಭೆಯು ಮಾಡಬಹುದಾದದ್ದು ದೊಡ್ಡದೇನೂ ಅಲ್ಲ. ಶಾಲೆ ತೆರೆಯುವ ಜೂನ್ ತಿಂಗಳಿನಲ್ಲಿ, ಎರಡರಿಂದ ಐದನೆಯ ತರಗತಿಯ ವರೆಗಿನ ಮಕ್ಕಳನ್ನು ಒಬ್ಬೊಬ್ಬರಾಗಿ, ಬೇರೆಯವರು ಕೇಳದಂತೆ, ಓದಿಸಿ ನೋಡುವದು. ಮೊದಲು ಬಿಡಿ ಅಕ್ಷರ, ಬಳಿಕ ಸರಳ ಶಬ್ದ, ಬಳಿಕ ನಾಲ್ಕು ಸಾಲು, ಬಳಿಕ ಒಂದು ಚಿಕ್ಕ ಕಥೆ. ಎಲ್ಲಿ ನಿಂತಿತೋ ಅಲ್ಲಿಂದ ಕಲಿಸತೊಡಗುವದು. ಗುಡಿಯ ಪಡಸಾಲೆಯಲ್ಲಿ ವಾರಕ್ಕೆ ಐದು ಸಂಜೆ, ಒಂದು ತಾಸು. ಪಿ.ಯು.ಸಿ. ಮುಗಿಸಿ ಮನೆಯಲ್ಲಿರುವ ಯುವತಿಯರು ನಮ್ಮ ಸಭೆಗಳಲ್ಲಿ ಇದ್ದಾರೆ. ಅವರೇ ನಮ್ಮ ಬಾಲಸಖಿಯರು. ಶಾಲೆಯ ಗುರುಗಳ ಸಂಗಡ ಮಾತಾಡಿಕೊಂಡು ಮಾಡಬೇಕು, ಅವರನ್ನು ಹಂಗಿಸುವದಕ್ಕಾಗಿ ಅಲ್ಲ. ಶಾಲೆಯ ಗುರುಗಳು ಖಾಸಗಿ ಟ್ಯೂಶನ್ ನಡಿಸಬಾರದೆಂದು ಮೇಲೆ ಹೇಳಿದ ಕಾಯಿದೆಯಲ್ಲಿಯೇ ಇರುವದರಿಂದ ಅವರನ್ನು ಸಂಬಳಕ್ಕೆ ಕರೆಯಕೂಡದು.

ಇಲ್ಲಿ ಒಂದು ಮಾತನ್ನು ನಮ್ಮವರಿಗೇ ಬಿಚ್ಚಿ ಹೇಳಬೇಕಾಗಿದೆ. ಪಡಸಾಲೆಗೆ ಬರುವ ಮಕ್ಕಳಲ್ಲಿ ನಮ್ಮ ಸಭೆಯವರಲ್ಲದವರೇ ಹೆಚ್ಚಾಗಿರಬಹುದು, ಇರಬೇಕು ಕೂಡ. ಅವರಿಗೆ ಅಕ್ಷರವನ್ನು ಗಾಳಕ್ಕೆ ಸಿಕ್ಕಿಸಿದ ಎರೆಯಾಗಿ ಕೊಡಕೂಡದು. ಓದು ಕಲಿಸಿದ್ದಕ್ಕೆ ಬದಲಾಗಿ ಆರಾಧನೆಗೆ ಬಾ ಎಂದು ಏಳು ವರ್ಷದ ಮಗುವನ್ನು ಕರೆಯುವದು ವ್ಯಾಪಾರ. ಅದರಲ್ಲಿಯೂ, ಬೆಲೆ ತಿಳಿಯದವರ ಸಂಗಡ ಮಾಡಿದ ವ್ಯಾಪಾರ. ಸಮಾರ್ಯದವನು ದಾರಿಯಲ್ಲಿ ಬಿದ್ದವನ ಗಾಯ ಕಟ್ಟಿ, ಛತ್ರದವನಿಗೆ ಹಣ ಕೊಟ್ಟು ತನ್ನ ದಾರಿ ಹಿಡಿದನು. ಗಾಯಗೊಂಡವನು ಯಾವ ಗುಡ್ಡದ ಮೇಲೆ ಆರಾಧಿಸುವನೆಂದು ಕೇಳಲಿಲ್ಲ. ತಾಂಡಾದ ತಾಯಿಯು ತನ್ನ ಮಗುವನ್ನು ನಮ್ಮ ಪಡಸಾಲೆಗೆ ಸಂದೇಹವಿಲ್ಲದೆ ಕಳುಹಿಸುವಂತಿರಬೇಕು, ಸಂಜೆ ಬಂದು ಬಾಗಿಲಲ್ಲಿ ನಿಂತು ಕೇಳಿದರೆ ಅವಳಿಗೆ ಕಾಗುಣಿತವಲ್ಲದೆ ಬೇರೇನೂ ಕೇಳಿಸಬಾರದು.

ಉಳಿದದ್ದು ಖರ್ಚಿನ ಮಾತು. ಪಾಟಿ, ಬಳಪ, ಒಂದು ದೀಪ, ಕೆಲವು ಚಿಕ್ಕ ಕಥೆಪುಸ್ತಕಗಳು, ಕಲಿಸುವವಳಿಗೆ ತಿಂಗಳಿಗೆ ಸ್ವಲ್ಪ ಸಂಭಾವನೆ. ಕಣ್ಣಿನ ಪರೀಕ್ಷೆಯನ್ನು ಸರಕಾರೀ ಆಸ್ಪತ್ರೆಯಲ್ಲಿ ಮಾಡಿಸಬಹುದು. ಸಂಭಾವನೆಯಿಲ್ಲದೆ ಸೇವೆಯೆಂದು ಮಾಡಿಸಿದರೆ ತೊಗರಿ ರಾಶಿಯ ಕಾಲಕ್ಕೆ ಅವಳೂ ಹೊಲಕ್ಕೆ ಹೋಗಬೇಕಾಗುವದು, ತರಗತಿಯು ಅಲ್ಲಿಗೆ ನಿಲ್ಲುವದು. ನಿಂತ ತರಗತಿಯ ಫಲ ಎಷ್ಟು ದಿನ ಉಳಿಯುವದೆಂದು ಮೇಲೆ ಹೇಳಿಯಾಗಿದೆ. ಸುಗ್ಗಿಯ ಹಬ್ಬದಲ್ಲಿ ಕಾಣಿಕೆಯಾಗಿ ಬಂದ ತೊಗರಿಯು ಮಾರಾಟವಾದ ದಿನ ಹಿರಿಯರು ಸಭೆಯ ಲೆಕ್ಕದ ಪುಸ್ತಕದಲ್ಲಿ ಇದಕ್ಕೆ ಒಂದು ಸಾಲು ಬಿಡಲಿ. ಗೋಡೆಗೆ ಸುಣ್ಣ ಬಳಿಯುವ ಖರ್ಚನ್ನು ಅದರ ಕೆಳಗಿನ ಸಾಲಿನಲ್ಲಿ ಬರೆದುಕೊಳ್ಳಬಹುದು.